ಮುಂಬೈ ಸೆಕೆಯಲ್ಲಿ ಚಾಕೊಲೇಟ್ ಬಾರ್ಕ್: ಬಿಳಿ ಕಲೆ, ಮೆತ್ತಗಾದ ಗೋಡಂಬಿ, ಬೆವರುವ ತುಂಡು

ಪ್ರಶ್ನೆ: ಡೊಂಬಿವಲಿಯಲ್ಲಿದ್ದೇನೆ. ಗಣಪತಿ ಹಬ್ಬಕ್ಕೆ ಬಂದವರಿಗೆ ಕೊಡೋಣವೆಂದು ಗೋಡಂಬಿ, ಬಾದಾಮಿ, ಅಂಜೂರ, ಒಣದ್ರಾಕ್ಷಿ ಹಾಕಿ ಮನೆಯಲ್ಲೇ ಚಾಕೊಲೇಟ್ ಬಾರ್ಕ್ (ಟ್ರೇಯಲ್ಲಿ ತೆಳ್ಳಗೆ ಹರಡಿ, ಗಟ್ಟಿಯಾದ ಮೇಲೆ ಮುರಿಯುವ ಚಾಕೊಲೇಟ್ ತುಂಡು) ಮಾಡಿದ್ದೆ. ಕ್ರಾಫರ್ಡ್ ಮಾರ್ಕೆಟ್‌ನಿಂದ ತಂದ ಡಾರ್ಕ್ ಕಾಂಪೌಂಡ್ ಅರ್ಧ, ರುಚಿ ಬರಲೆಂದು ಒಳ್ಳೆಯ ಡಾರ್ಕ್ ಚಾಕೊಲೇಟ್ ಅರ್ಧ ಸೇರಿಸಿ ಕುದಿಯುವ ನೀರಿನ ಮೇಲೆ ಪಾತ್ರೆಯಿಟ್ಟು ಕರಗಿಸಿದೆ. ಹಣ್ಣುಗಳನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ ಹಾಕಿದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ತೆಗೆದರೆ ಅರ್ಧ ಗಂಟೆಯಲ್ಲಿ ಮೇಲೆಲ್ಲ ನೀರು, ಮುಟ್ಟಿದರೆ ಕೈಗೆ ಅಂಟು. ನಾಲ್ಕು ದಿನಕ್ಕೆ ಬಿಳಿ ಕಲೆ ಬಂತು, ಗೋಡಂಬಿ ಮೆತ್ತಗಾಯಿತು. ದೀಪಾವಳಿಗೆ ಡಬ್ಬಿ ತುಂಬಿ ಕೊಡಬೇಕೆಂದಿದ್ದೇನೆ. ಎಲ್ಲಿ ತಪ್ಪಿತು?

ಉತ್ತರ: ನಿಮ್ಮ ಬಾರ್ಕ್ ಕೆಟ್ಟದ್ದು ಮೂರು ಕಡೆ. ಕಾಂಪೌಂಡನ್ನೂ ಚಾಕೊಲೇಟನ್ನೂ ಬೆರೆಸಿದ್ದು ಒಂದು. ತೊಳೆದ ಹಣ್ಣನ್ನು ಹುರಿಯದ ಗೋಡಂಬಿಯ ಪಕ್ಕ ಇಟ್ಟಿದ್ದು ಎರಡು. ಫ್ರಿಜ್‌ನಿಂದ ತೆಗೆದು ನೇರವಾಗಿ ಸೆಪ್ಟೆಂಬರಿನ ಗಾಳಿಗೆ ಒಡ್ಡಿದ್ದು ಮೂರು. ಮೊದಲನೆಯದು ಕೊಬ್ಬಿನ ಸಮಸ್ಯೆ, ಉಳಿದೆರಡೂ ನೀರಿನದು. ನಮ್ಮ ಕರಾವಳಿಯ ಊರುಗಳಲ್ಲಿ ಬಾರ್ಕ್ ಮಾಡುವವರು ಹೆಚ್ಚು ಹೆಣಗಾಡಬೇಕಾದದ್ದು ಈ ನೀರಿನ ಜೊತೆಗೇ. ಇಲ್ಲಿ ಹೇಳುವ ಡಿಗ್ರಿಗಳೆಲ್ಲ ಸೆಲ್ಸಿಯಸ್.

ಮೊದಲು ಕೊಬ್ಬಿನ ವಿಚಾರ. ಅಂಗಡಿಯಲ್ಲಿ ಎರಡೂ ಒಂದೇ ಬಣ್ಣದ ಸ್ಲ್ಯಾಬ್ ಆಗಿ ಕಂಡರೂ ಒಳಗಿರುವುದು ಬೇರೆ. ನಿಜವಾದ ಚಾಕೊಲೇಟಿನ ಕೊಬ್ಬು ಕೋಕೋ ಬಟರ್. ಕಾಂಪೌಂಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಪಾಮ್ ಕರ್ನೆಲ್‌ನಂಥ ಎಣ್ಣೆಯಿಂದ ಮಾಡಿದ ಗಟ್ಟಿ ಕೊಬ್ಬು; ಪೊಟ್ಟಣದ ಹಿಂದೆ ‘ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್’ ಎಂದು ಬರೆದಿರುತ್ತದೆ. ಈ ಎರಡು ಕೊಬ್ಬುಗಳ ಹರಳುಗಳು ಒಂದಕ್ಕೊಂದು ಹೊಂದುವುದಿಲ್ಲ. ಅರ್ಧಕ್ಕರ್ಧ ಬೆರೆಸಿದರೆ ಆ ಮಿಶ್ರಣ ಎರಡರಲ್ಲಿ ಯಾವುದಕ್ಕಿಂತಲೂ ಬೇಗ ಮೆತ್ತಗಾಗುತ್ತದೆ, ಕೆಲವೇ ದಿನಗಳಲ್ಲಿ ಮೇಲೆ ಬೂದು ಪದರ ಕಟ್ಟುತ್ತದೆ. ರುಚಿ ಹೆಚ್ಚಲೆಂದು ನೀವು ಮಾಡಿದ್ದು ಎರಡರ ಗುಣವನ್ನೂ ಕಳೆಯಿತು. ಆದ್ದರಿಂದ ಒಂದನ್ನು ಆರಿಸಿಕೊಳ್ಳಿ, ಬೆರೆಸಬೇಡಿ.

ಯಾವುದನ್ನು ಆರಿಸಬೇಕು ಎಂಬುದಕ್ಕೆ ನಿಮ್ಮ ಮನೆಯ ಕೋಣೆಯೇ ಉತ್ತರ. 20ರಿಂದ 22 ಡಿಗ್ರಿಗೆ ಇಳಿಸಬಲ್ಲ ಎಸಿ ಇದ್ದರೆ ನಿಜವಾದ ಚಾಕೊಲೇಟ್ ತನ್ನಿ. ಎಸಿ ಇಲ್ಲದಿದ್ದರೆ ಅಕ್ಟೋಬರ್ ಸೆಕೆಯಲ್ಲಿ ಪೂರ್ತಿ ಕಾಂಪೌಂಡ್‌ನಲ್ಲೇ ಮಾಡಿ. ಕಾಂಪೌಂಡ್ ಬಳಸುವುದರಲ್ಲಿ ತಪ್ಪೇನಿಲ್ಲ. ಮೋರ್ಡೆಯಂಥ ಬ್ರ್ಯಾಂಡಿನ ಸ್ಲ್ಯಾಬನ್ನು 45 ಡಿಗ್ರಿಯವರೆಗೆ ಕರಗಿಸಿ, ಕಲಕಿ, ಸ್ವಲ್ಪ ಆರಿಸಿ, ಹರಡಿ, ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟರೆ ಮುಗಿಯಿತು, ಟೆಂಪರಿಂಗ್ (ಒಳ್ಳೆಯ ಹರಳು ಕಟ್ಟುವಂತೆ ಚಾಕೊಲೇಟನ್ನು ಶಾಖ ಅಳೆದು ಕರಗಿಸಿ ತಣಿಸುವುದು) ಎಂಬ ಗೊಡವೆಯಿಲ್ಲ. ಬಾಯಲ್ಲಿ ತುಸು ಮೇಣದಂತೆ ಉಳಿಯುತ್ತದೆ, ಕೋಕೋ ರುಚಿ ತೆಳು, ಅಷ್ಟೇ. ಹುರಿದ ಬಾದಾಮಿ, ಚಿಟಿಕೆ ಉಪ್ಪು, ಒಣ ಕಾಫಿ ಪುಡಿ ಆ ಕೊರತೆಯನ್ನು ಸಾಕಷ್ಟು ಮುಚ್ಚುತ್ತವೆ. ಹಣ್ಣು, ಬೀಜ, ಪ್ಯಾಕಿಂಗ್ ಬಗ್ಗೆ ಮುಂದೆ ಹೇಳುವುದೆಲ್ಲ ಕಾಂಪೌಂಡ್‌ಗೂ ಅನ್ವಯಿಸುತ್ತದೆ.

ಚಾಕೊಲೇಟ್ ತರುವುದಾದರೆ ಪೊಟ್ಟಣದ ಮೇಲೆ ‘ಕುವರ್ಚರ್’ ಎಂದಿರುವುದನ್ನು ನೋಡಿ ತನ್ನಿ. ಅದರಲ್ಲಿ ಕೋಕೋ ಬಟರ್ ಹೆಚ್ಚು, ಕನಿಷ್ಠ 31 ಶೇಕಡಾ. ಕರಗಿದಾಗ ತೆಳ್ಳಗೆ ಹರಿಯುತ್ತದೆ. ಕುಕೀಗೆ ಹಾಕುವ ಚಾಕೊಲೇಟ್ ಚಿಪ್ಸ್ ಬೇಡ. ಬಿಸಿಗೂ ಆಕಾರ ಬಿಡದಂತೆ ಅವನ್ನು ಮಾಡಿರುತ್ತಾರೆ, ಹರಡಲು ಹೋದರೆ ಮುದ್ದೆಯಾಗುತ್ತವೆ. ಮೊದಲ ಸಲಕ್ಕೆ 55ರಿಂದ 60 ಶೇಕಡಾ ಡಾರ್ಕ್ ಒಳ್ಳೆಯದು. ಹಣ್ಣಿನ ಸಿಹಿಯನ್ನು ತಡೆದುಕೊಳ್ಳುವಷ್ಟು ಕಹಿ ಇರುತ್ತದೆ, ಮಿಲ್ಕ್ ಮತ್ತು ವೈಟ್ ಚಾಕೊಲೇಟಿನಷ್ಟು ಬೇಗ ಕೈಕೊಡುವುದಿಲ್ಲ.

ಈಗ ಟೆಂಪರಿಂಗ್. ಕೋಕೋ ಬಟರ್ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ನಮಗೆ ಬೇಕಾದದ್ದು ಐದನೆಯ ಬಗೆ. ಅದು ಕರಗುವುದು ಸುಮಾರು 33–34 ಡಿಗ್ರಿಯಲ್ಲಿ, ಅದರಿಂದಲೇ ಹೊಳಪು, ಮುರಿದರೆ ‘ಟಕ್’ ಎನ್ನುವ ಸದ್ದು. ಬರೀ ಕರಗಿಸಿ ತಣಿಸಿದರೆ ಕೆಳಗಿನ ಬಗೆಯ ಹರಳುಗಳು ಮೊದಲು ಕೂಡಿಕೊಳ್ಳುತ್ತವೆ. ಅವು 27–28 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತವೆ, ಅಂದರೆ ಮುಂಬೈಯಲ್ಲಿ ಫ್ಯಾನ್ ಕೆಳಗಿಟ್ಟರೂ ಮೆತ್ತಗಾಗುತ್ತವೆ. ಫ್ರಿಜ್‌ನಲ್ಲಿ ಕಲ್ಲಿನಂತಿದ್ದ ಬಾರ್ಕ್ ಹೊರಗೆ ಬಂದೊಡನೆ ಬೆರಳಿಗೆ ಅಂಟುವುದಕ್ಕೆ ಇದೂ ಒಂದು ಕಾರಣ.

ಮನೆಯಲ್ಲಿ ಸುಲಭವಾದ ದಾರಿ ಸೀಡಿಂಗ್: ಕರಗಿದ ಚಾಕೊಲೇಟಿಗೆ ಒಳ್ಳೆಯ ಹರಳಿರುವ ಗಟ್ಟಿ ಚಾಕೊಲೇಟಿನ ಚೂರು ಸೇರಿಸಿ ಅದೇ ಹರಳನ್ನು ಬೆಳೆಸುವುದು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪು ಕೆಟ್ಟಿದ್ದರೆ ಮೊಸರೂ ಕೆಡುವಂತೆ, ಇಲ್ಲಿಯೂ ಸೇರಿಸುವ ಚೂರು ಹೊಳೆಯುತ್ತಿರಬೇಕು, ಮುರಿದರೆ ಸದ್ದಾಗಬೇಕು. ಇದನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಸ್ಲ್ಯಾಬ್ ಗೋದಾಮಿನಲ್ಲಿ, ಟೆಂಪೋದಲ್ಲಿ, ಅಂಗಡಿಯ ಗಾಜಿನ ಹಿಂದೆ ಒಂದೆರಡು ಸಲ ಬಿಸಿಯಾಗಿ ತಣಿದಿರುವುದು ಸಾಮಾನ್ಯ. ಬಿಚ್ಚಿದಾಗ ಮೇಲೆ ಬೂದು ಬಣ್ಣ ಕಂಡರೆ ಆ ಸ್ಲ್ಯಾಬನ್ನು ಕರಗಿಸುವ ಪಾಲಿಗೆ ಬಳಸಿ, ಅದಕ್ಕೇನೂ ದೋಷವಿಲ್ಲ. ಸೀಡ್‌ಗೆ ಮಾತ್ರ ಬೇಡ.

ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಡ್ಡಿಯಂಥ ತುದಿಯ ಡಿಜಿಟಲ್ ಅಡುಗೆ ಥರ್ಮಾಮೀಟರ್ ಸಾಕು. ಜ್ವರ ನೋಡುವುದು 35ಕ್ಕಿಂತ ಕೆಳಗೆ ಸಾಮಾನ್ಯವಾಗಿ ತೋರಿಸುವುದಿಲ್ಲ, ನಮ್ಮ ಕೆಲಸ ನಡೆಯುವುದೇ ಅದಕ್ಕಿಂತ ಕೆಳಗೆ. ಐಸ್ ತುಂಬಿದ ನೀರಿನಲ್ಲಿ ಅದ್ದಿ 0 ತೋರಿಸುತ್ತದೆಯೇ ನೋಡಿಕೊಳ್ಳಿ. ಒಂದು ಡಿಗ್ರಿ ಆಚೀಚೆ ಇದ್ದರೆ ಅಷ್ಟನ್ನು ಲೆಕ್ಕದಲ್ಲಿ ಸರಿಪಡಿಸಿಕೊಳ್ಳಿ.

30ಕ್ಕೆ 22 ಸೆಂಟಿಮೀಟರ್ ಟ್ರೇಗೆ 400 ಗ್ರಾಂ ಡಾರ್ಕ್ ಕುವರ್ಚರ್ ತೆಗೆದುಕೊಂಡರೆ ನಾಲ್ಕೂವರೆ ಮಿಲಿಮೀಟರ್ ದಪ್ಪ ಬರುತ್ತದೆ. ಮೇಲಕ್ಕೆ 90 ಗ್ರಾಂ ಬೀಜ, 50 ಗ್ರಾಂ ಹಣ್ಣು, ಕಾಲು ಚಮಚ ಹರಳುಪ್ಪು. ಇದಕ್ಕಿಂತ ಹೆಚ್ಚು ಹೇರಿದರೆ ಮುರಿಯುವಾಗ ಎಲ್ಲ ಉದುರುತ್ತದೆ. ದಪ್ಪವನ್ನೂ 6 ಮಿಲಿಮೀಟರ್ ದಾಟಿಸಬೇಡಿ: ಚಾಕೊಲೇಟ್ ಗಟ್ಟಿಯಾಗುವಾಗ ಒಳಗಿನಿಂದ ಶಾಖ ಬಿಡುತ್ತದೆ, ದಪ್ಪ ಪದರದಲ್ಲಿ ಆ ಶಾಖ ಹೊರಗೆ ಹೋಗದೆ ನಡುವಿನ ಹರಳುಗಳನ್ನು ಮತ್ತೆ ಕರಗಿಸುತ್ತದೆ. ಟ್ರೇಯ ಅಂಚು ಹೊಳೆದು ಮಧ್ಯದಲ್ಲಿ ಮಾತ್ರ ಮಸುಕು ವೃತ್ತ ಬಂದರೆ ಕಾರಣ ಇದೇ.

ಕೆಲಸವನ್ನು ಎರಡು ಕೋಣೆಗೆ ಹಂಚಿ. ನಮ್ಮ ಫ್ಲ್ಯಾಟುಗಳ ಅಡುಗೆಮನೆಯಲ್ಲಿ ಎಸಿ ಇರುವುದಿಲ್ಲ, ಆವಿ ಮಾತ್ರ ಧಾರಾಳ. ಬೆಡ್‌ರೂಮಿನಲ್ಲಿ ಒಂದು ಗಂಟೆ ಮೊದಲೇ ಎಸಿ 21ಕ್ಕೆ ಹಾಕಿ, ಬಾಗಿಲು ಮುಚ್ಚಿ, ಮೇಜಿನ ಮೇಲೆ ಬಟರ್ ಪೇಪರ್ ಹಾಸಿದ ಟ್ರೇ, ಹುರಿದ ಬೀಜ, ಹಣ್ಣು, ಸೌಟು ಎಲ್ಲ ಜೋಡಿಸಿಡಿ. ಚಾಕೊಲೇಟ್ ಕರಗಿಸುವುದು ಮಾತ್ರ ಅಡುಗೆಮನೆಯಲ್ಲಿ. ಕುದಿಯುವ ನೀರಿನ ಮೇಲಿಡುವ ಪದ್ಧತಿಗಿಂತ ಮೈಕ್ರೋವೇವ್ ಎಷ್ಟೋ ವಾಸಿ, ಆವಿಯೇ ಇರುವುದಿಲ್ಲ. ಮೈಕ್ರೋವೇವ್ ಇಲ್ಲದಿದ್ದರೆ ನೀರು ಕುದಿಸಿ, ಒಲೆ ಆರಿಸಿ, ಕೆಳಗಿನ ಪಾತ್ರೆಯ ಬಾಯನ್ನು ಪೂರ್ತಿ ಮುಚ್ಚುವಷ್ಟು ಅಗಲದ ಬಟ್ಟಲನ್ನು ಮೇಲಿಡಿ. ತಳ ನೀರಿಗೆ ತಾಗಬಾರದು. ಬಟ್ಟಲನ್ನು ಎತ್ತಿದೊಡನೆ ಅದರ ಹೊರಮೈಯನ್ನು ಒರೆಸಿ. ಇಲ್ಲದಿದ್ದರೆ ಸುರಿಯುವಾಗ ತಳದ ಹನಿ ಜಾರಿ ಟ್ರೇಗೆ ಬೀಳುತ್ತದೆ.

ಒಂದೆರಡು ಹನಿ ನೀರು ಏನು ಮಾಡೀತು ಎನ್ನಬೇಡಿ. ಕರಗಿದ ಚಾಕೊಲೇಟ್ ಅಂದರೆ ಕೊಬ್ಬಿನಲ್ಲಿ ತೇಲುವ ಸಕ್ಕರೆ, ಕೋಕೋ ಪುಡಿ. ಸ್ವಲ್ಪ ನೀರು ಬಿದ್ದರೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಇಡೀ ಬಟ್ಟಲು ತರಿತರಿ ಮುದ್ದೆಯಾಗುತ್ತದೆ. ಮುದ್ದೆಯಾದದ್ದು ಮತ್ತೆ ಬಾರ್ಕ್ ಆಗುವುದಿಲ್ಲ. ಬಿಸಿ ಹಾಲು ಅಥವಾ ಕ್ರೀಮ್ ಸೇರಿಸುತ್ತ ಕಲಕಿದರೆ ನುಣ್ಣಗಿನ ಸಾಸ್ ಆಗುತ್ತದೆ, ಐಸ್‌ಕ್ರೀಮ್ ಮೇಲೆ ಹಾಕಿಕೊಳ್ಳಬಹುದು. ಇದೇ ಕಾರಣಕ್ಕೆ ನೀರು ಬೆರೆತ ಎಸೆನ್ಸ್, ದ್ರವ ಬಣ್ಣ ಬೇಡ. ಕೇಸರಿ ಹಾಕುವುದಾದರೆ ರೂಢಿಯಂತೆ ಹಾಲಿನಲ್ಲಿ ನೆನೆಸಬೇಡಿ. ಎಸಳುಗಳನ್ನು ಬೆಚ್ಚಗಿನ ಬಾಣಲೆಯಲ್ಲಿ ಒಂದು ನಿಮಿಷ ಗರಿಗರಿ ಮಾಡಿ, ಕುಟ್ಟಿ ಪುಡಿಯಾಗಿ ಹಾಕಿ. ಏಲಕ್ಕಿಯೂ ಹಾಗೆಯೇ.

400 ಗ್ರಾಂನಲ್ಲಿ 270 ಗ್ರಾಂ ಹೆಚ್ಚಿ ಕರಗಿಸಲು, 130 ಗ್ರಾಂ ಸಣ್ಣಗೆ ಹೆಚ್ಚಿ ಸೀಡ್‌ಗೆ. ಮೈಕ್ರೋವೇವ್‌ನ ಅರ್ಧ ಪವರ್‌ನಲ್ಲಿ 30 ಸೆಕೆಂಡ್ ಇಟ್ಟು ಕಲಕಿ, ಮತ್ತೆ ಇಟ್ಟು ಕಲಕಿ, 45ರಿಂದ 48 ಡಿಗ್ರಿಗೆ ತನ್ನಿ. ಹಳೆಯ ಹರಳೆಲ್ಲ ಅಳಿಯಲು ಇಷ್ಟು ಬೇಕು. 50 ದಾಟಿದರೆ ಸೀದು ಹೋಗುವ ಅಪಾಯ, ಅದರಲ್ಲೂ ಮಿಲ್ಕ್, ವೈಟ್ ಚಾಕೊಲೇಟಿಗೆ 45ರ ಮೇಲೆಯೇ. ಬಟ್ಟಲನ್ನು ಎಸಿ ಕೋಣೆಗೆ ತಂದು, ಸೀಡ್ ಚೂರುಗಳನ್ನು ಮೂರು ಪಾಲಾಗಿ ಸೇರಿಸುತ್ತ, ತಳ ಮತ್ತು ಅಂಚು ಕೆರೆದು ಬಿಡದೆ ಕಲಕಿ. ಇಲ್ಲಿ ಆತುರ ಮಾಡಿದವರೇ ಹೆಚ್ಚು. ಕಲಕುವುದರಿಂದಲೇ ಹರಳು ಹರಡುವುದು, ಹತ್ತು ಹನ್ನೆರಡು ನಿಮಿಷ ಹಿಡಿಯಬಹುದು. ಡಾರ್ಕ್ 31–32ಕ್ಕೆ ಇಳಿದಾಗ ನಿಲ್ಲಿಸಿ. ಮಿಲ್ಕ್ ಆದರೆ 29–30, ವೈಟ್ ಆದರೆ 28–29. ಕರಗದೆ ಉಳಿದ ಚೂರುಗಳಿದ್ದರೆ ಚಮಚದಲ್ಲಿ ತೆಗೆದುಬಿಡಿ. ಆ ಹೊತ್ತಿಗೆ ಚಾಕೊಲೇಟ್ ನೀರಾಗಿ ಜಾರದೆ ತುಸು ದಪ್ಪಗಿದ್ದು, ರೇಷ್ಮೆಯಂಥ ಹೊಳಪು ಬಂದಿರುತ್ತದೆ. 29ರ ಕೆಳಗೆ ಇಳಿದು ಗಟ್ಟಿಯಾಗತೊಡಗಿದರೆ ಮೈಕ್ರೋವೇವ್‌ನಲ್ಲಿ 5 ಸೆಕೆಂಡ್ ಮಾತ್ರ ಇಟ್ಟು ಕಲಕಿ. 34 ದಾಟಿಸಿದರೆ ಹರಳು ಕರಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಸುರಿಯುವ ಮುನ್ನ ಪರೀಕ್ಷೆ ಮಾಡಿ. ಚಾಕುವಿನ ತುದಿ ಅದ್ದಿ, ಎಸಿ ಕೋಣೆಯ ಮೇಜಿನ ಮೇಲಿಡಿ. ನಾಲ್ಕೈದು ನಿಮಿಷದಲ್ಲಿ ಬೆರಳಿಗೆ ಅಂಟದಂತೆ, ಗೆರೆಯಿಲ್ಲದೆ ಗಟ್ಟಿಯಾದರೆ ಸರಿ. ಹತ್ತು ನಿಮಿಷಕ್ಕೂ ಒದ್ದೆಯಿದ್ದರೆ ಅಥವಾ ಬೂದು ಗೆರೆ ಮೂಡಿದರೆ ಹರಳು ಸಾಲದು, ಇನ್ನಷ್ಟು ಸೀಡ್ ಹಾಕಿ ಕಲಕಿ.

ಬೀಜಗಳ ಕೆಲಸ ಅದೇ ದಿನ, ಚಾಕೊಲೇಟಿಗೆ ಕೈ ಹಚ್ಚುವ ಮೊದಲೇ ಮುಗಿದಿರಬೇಕು. ಹಸಿ ಗೋಡಂಬಿಯಲ್ಲಿ ತೇವ ಇರುತ್ತದೆ, ಮುಂಬೈ ಗಾಳಿಯಿಂದ ಇನ್ನಷ್ಟು ಎಳೆದುಕೊಂಡಿರುತ್ತದೆ. ಓವನ್‌ನಲ್ಲಿ ಗೋಡಂಬಿ 150 ಡಿಗ್ರಿಗೆ 12–14 ನಿಮಿಷ, ಬಾದಾಮಿ 160ಕ್ಕೆ 12–15 ನಿಮಿಷ, ಪಿಸ್ತಾ 150ಕ್ಕೆ 8 ನಿಮಿಷ ಸಾಕು, ಹೆಚ್ಚಾದರೆ ಹಸಿರು ಹೋಗುತ್ತದೆ. ನಡುವೆ ಒಮ್ಮೆ ಕೈಯಾಡಿಸಿ. ಹೊರಗಿನ ಬಣ್ಣ ನೋಡಿ ಮೋಸ ಹೋಗಬೇಡಿ: ಒಂದು ಬೀಜ ತಣಿಸಿ ಎರಡು ಹೋಳು ಮಾಡಿದರೆ ಒಳಮೈ ತಿಳಿ ಹೊನ್ನಿನ ಬಣ್ಣಕ್ಕೆ ತಿರುಗಿರಬೇಕು. ಬಾಣಲೆಯಲ್ಲಿ ಹುರಿಯುವುದಾದರೆ ಸಣ್ಣ ಉರಿ, ತುಪ್ಪವಿಲ್ಲದೆ. ಕರಿದ ಉಪ್ಪು ಗೋಡಂಬಿ ಬೇಡ, ಅದರ ಮೇಲಿನ ಎಣ್ಣೆ ಚಾಕೊಲೇಟಿಗೆ ಇಳಿದು ಬಿಳಿ ಕಲೆ ತರುತ್ತದೆ. ಬೀಜದೊಳಗಿನ ಎಣ್ಣೆಯೂ ನಿಧಾನವಾಗಿ ಇಳಿಯುವುದರಿಂದ ಸಣ್ಣಗೆ ಹೆಚ್ಚದೆ ಇಡಿಯಾಗಿ ಅಥವಾ ಹೋಳಾಗಿ ಹಾಕಿ, ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ. ತಣಿದೊಡನೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಬೇಕು. ತಟ್ಟೆಯಲ್ಲಿ ತೆರೆದಿಟ್ಟರೆ ಹುರಿದ ಗರಿಗರಿ ನಮ್ಮ ಗಾಳಿಗೆ ಬೇಗ ಮಾಯವಾಗುತ್ತದೆ.

ಹಣ್ಣಿನಲ್ಲಿ ನಿಮ್ಮನ್ನು ಕೆಡಿಸಿದ್ದು ಅಂಜೂರ. ಒಣ ಅಂಜೂರ, ಜರ್ದಾಲು (ಒಣ ಏಪ್ರಿಕಾಟ್) ಹೆಸರಿಗೆ ಒಣಹಣ್ಣಾದರೂ ತೂಕದ ಹೆಚ್ಚುಕಡಿಮೆ 30 ಶೇಕಡಾ ನೀರೇ ಇರುತ್ತದೆ. ಒಣದ್ರಾಕ್ಷಿಯಲ್ಲಿ ಅದರ ಅರ್ಧ. ಡಬ್ಬಿಯೊಳಗೆ ಆ ನೀರು ಸುಮ್ಮನಿರುವುದಿಲ್ಲ. ಒದ್ದೆ ಹಣ್ಣಿನಿಂದ ಒಣಗಿದ ಬೀಜಕ್ಕೆ ಸಾಗುತ್ತದೆ, ಎರಡೂ ಒಂದು ಮಟ್ಟಕ್ಕೆ ಬರುವವರೆಗೆ. ಗೋಡಂಬಿ ಮೆತ್ತಗಾಗಿದ್ದು ಹೀಗೆ. ನೀವು ಹಣ್ಣು ತೊಳೆದಿದ್ದರಿಂದ ಸಿಪ್ಪೆಯ ಸುಕ್ಕುಗಳಲ್ಲಿ ಇನ್ನಷ್ಟು ನೀರು ಉಳಿಯಿತು, ಬಟ್ಟೆಯಿಂದ ಒರೆಸಿದರೆ ಅದು ಹೋಗದು. ಧೂಳಿನ ಆತಂಕವಿದ್ದರೆ ಹಿಂದಿನ ದಿನ ತೊಳೆದು, ಓವನ್‌ನಲ್ಲಿ 60–70 ಡಿಗ್ರಿಯಲ್ಲಿ ಬಾಗಿಲು ತುಸು ತೆರೆದಿಟ್ಟು, ಮುಟ್ಟಿದರೆ ಕೈಗೆ ಅಂಟದ ಹಾಗೆ ಆಗುವವರೆಗೆ ಒಣಗಿಸಿ. ಅಂಜೂರ ಬೇಕೇ ಬೇಕೆಂದರೆ 3 ಮಿಲಿಮೀಟರ್ ಬಿಲ್ಲೆಗಳಾಗಿ ಕೊಯ್ದು ಅದೇ ಶಾಖದಲ್ಲಿ ಒಂದೂವರೆ ಗಂಟೆ ಒಣಗಿಸಿ. ಜರ್ದಾಲು ಕೂಡ ಹಾಗೆಯೇ. ಖರ್ಜೂರ ಈ ಕೆಲಸಕ್ಕೆ ಒಗ್ಗುವುದಿಲ್ಲ, ಪಾಕದ ಟೂಟಿಫ್ರೂಟಿಯೂ ಬೇಡ. ಕ್ರ್ಯಾನ್‌ಬೆರಿ, ಕಪ್ಪು ದ್ರಾಕ್ಷಿ, ಗಟ್ಟಿಯಾಗಿ ಒಣಗಿಸಿದ ಮಹಾಬಳೇಶ್ವರದ ಸ್ಟ್ರಾಬೆರಿ, ಸಕ್ಕರೆ ಹಚ್ಚಿದ ಒಣ ಶುಂಠಿ ಚೂರು ಇವೆಲ್ಲ ಚೆನ್ನಾಗಿ ಹೊಂದುತ್ತವೆ. ಗೋವಾ ಕಡೆಯ ರುಚಿ ಬೇಕಾದರೆ ಹುರಿದ ಗೋಡಂಬಿ, ತೆಳ್ಳಗೆ ಹೆರೆದು ಕೆಂಪಗೆ ಹುರಿದ ಕೊಬ್ಬರಿ, ಒಂದು ಚಿಟಿಕೆ ಕಾಳುಮೆಣಸು. ಇದರಲ್ಲಿ ಹಣ್ಣೇ ಇಲ್ಲದ್ದರಿಂದ ಹೆಚ್ಚು ದಿನ ಬಾಳುತ್ತದೆ, ದೀಪಾವಳಿ ಡಬ್ಬಿಗೆ ನನ್ನ ಮೊದಲ ಶಿಫಾರಸು ಇದಕ್ಕೇ. ಹಣ್ಣಿನದನ್ನು ಬೇರೆ ಟ್ರೇಯಲ್ಲಿ ಮಾಡಿ, ಬೀಜ ಸ್ವಲ್ಪವೇ ಹಾಕಿ, ಎರಡೂ ಒಂದಕ್ಕೊಂದು ತಾಗದಂತೆ ಬೆರಳಷ್ಟು ದೂರ ಬಿಟ್ಟು ಇಡಿ.

ಇನ್ನು ಹರಡುವುದು. ಟೆಂಪರ್ ಆದ ಚಾಕೊಲೇಟನ್ನು ಟ್ರೇಗೆ ಸುರಿದು, ಒಂದೆರಡು ಸಲ ಮೇಜಿಗೆ ಕುಟ್ಟಿ ಗುಳ್ಳೆ ಬಿಡಿಸಿ. ಮೂರು ನಿಮಿಷದೊಳಗೆ ಬೀಜ, ಹಣ್ಣು ಇಟ್ಟು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ; ತಡವಾದರೆ ಮೇಲೆ ಪೊರೆ ಕಟ್ಟಿ ಅವು ಹಿಡಿದುಕೊಳ್ಳುವುದಿಲ್ಲ. ಬೀಜ ಕೋಣೆಯ ಶಾಖದಲ್ಲೇ ಇರಬೇಕು. ಬಿಸಿಯಿದ್ದರೆ ಸುತ್ತಲಿನ ಹರಳು ಕರಗಿ ಬಿಳಿ ಉಂಗುರ ಮೂಡುತ್ತದೆ. ಅಂಚಿನ ಒದ್ದೆ ಹೊಳಪು ಹೋದಾಗ, ಹತ್ತು ನಿಮಿಷದ ಹೊತ್ತಿಗೆ, ಟ್ರೇಯನ್ನು ಫ್ರಿಜ್‌ನಲ್ಲಿ ಬರೀ 10–12 ನಿಮಿಷ ಇಡಿ. ಮೊದಲೇ ಹೇಳಿದ ಒಳಗಿನ ಶಾಖವನ್ನು ಎಳೆಯಲು ಅಷ್ಟು ಸಾಕು, ರಾತ್ರಿಯಿಡೀ ಬೇಡವೇ ಬೇಡ. ತೆಗೆದು ಮತ್ತೆ ಎಸಿ ಕೋಣೆಯಲ್ಲೇ ಒಂದು ಗಂಟೆ ಬಿಡಿ. ಸರಿಯಾಗಿ ಟೆಂಪರ್ ಆಗಿದ್ದರೆ ಕುಗ್ಗಿ ತಾನಾಗಿ ಬಟರ್ ಪೇಪರ್ ಬಿಡುತ್ತದೆ, ಕೆಳಮೈ ಗಾಜಿನಂತೆ ಹೊಳೆಯುತ್ತದೆ. ಮುರಿಯುವಾಗ ಹತ್ತಿಯ ಕೈಗವಸು ಹಾಕಿಕೊಳ್ಳಿ, ಇಲ್ಲದಿದ್ದರೆ ಬೆರಳಿನ ಗುರುತು ಉಳಿಯುತ್ತದೆ.

ಬೆವರುವ ಸಮಸ್ಯೆ ಈಗ ನಿಮಗೆ ಅರ್ಧ ಅರ್ಥವಾಗಿರಬೇಕು. ಮಳೆಗಾಲದ ಮುಂಬೈ ಗಾಳಿಯಲ್ಲಿ ಇಬ್ಬನಿ ಬಿಂದು 25 ಡಿಗ್ರಿಯ ಆಸುಪಾಸು. ಅದಕ್ಕಿಂತ ತಣ್ಣಗಿರುವ ಯಾವ ಮೈಯ ಮೇಲೂ ನೀರು ಕೂರುತ್ತದೆ. ಫ್ರಿಜ್‌ನಿಂದ ಬಂದ ಬಾರ್ಕ್ 5 ಡಿಗ್ರಿ, ಅದು ನೆನೆಯದೆ ಇರಲು ಸಾಧ್ಯವೇ ಇಲ್ಲ. 21 ಡಿಗ್ರಿಯ ಎಸಿ ಕೋಣೆಯಿಂದ ಹಾಲ್‌ಗೆ ತಂದರೂ ಅಂಥ ದಿನಗಳಲ್ಲಿ ತೇವ ಹಿಡಿಯುತ್ತದೆ. ಆ ನೀರು ಮೇಲಿನ ಸಕ್ಕರೆಯನ್ನು ಕರಗಿಸಿ, ಆರಿದಾಗ ಒರಟು ಬಿಳಿ ಕಲೆಯಾಗಿ ಬಿಟ್ಟುಹೋಗುತ್ತದೆ. ಒದ್ದೆ ಬೆರಳಿನಿಂದ ಸವರಿ ನೋಡಿ: ಒರಟು ಕಲೆ ಕರಗಿ ಹೋದರೆ ಅದು ಸಕ್ಕರೆ, ತಪ್ಪು ತೇವದ್ದು. ನುಣ್ಣಗೆ ಜಿಡ್ಡಾಗಿದ್ದು, ಬೆಚ್ಚಗಿನ ಬೆರಳಿನಿಂದ ಉಜ್ಜಿದಾಗ ಮಾಯವಾದರೆ ಅದು ಕೊಬ್ಬು, ತಪ್ಪು ಟೆಂಪರಿಂಗಿನದು. ನಿಮ್ಮಲ್ಲಿ ಬಹುಶಃ ಎರಡೂ ಇವೆ. ಎರಡನ್ನೂ ತಿಂದರೆ ಆರೋಗ್ಯಕ್ಕೆ ತೊಂದರೆಯಿಲ್ಲ. ಬೂಸ್ಟು ಬಂದಿದೆಯೇ ಎಂದು ಅಂಜೂರದ ಸುತ್ತ ನೋಡಿ, ಬಂದಿದ್ದರೆ ಎಸೆಯಿರಿ. ಇಲ್ಲದಿದ್ದರೆ ಉಳಿದ ಬಾರ್ಕನ್ನು ಹೆಚ್ಚಿ ಬ್ರೌನಿ ಹಿಟ್ಟಿಗೆ ಸೇರಿಸಿ, ಮೆತ್ತಗಾದ ಗೋಡಂಬಿ ಅಲ್ಲಿ ಗೊತ್ತಾಗದು.

ಆದ್ದರಿಂದ ಪ್ಯಾಕಿಂಗ್ ಕೂಡ ಎಸಿ ಕೋಣೆಯಲ್ಲೇ ಆಗಲಿ. ತುಂಡುಗಳನ್ನು ಫಾಯಿಲ್‌ನಲ್ಲಿ ಸುತ್ತಿ, ಜಿಪ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಆಮೇಲೆ ಡಬ್ಬಿಗೆ ಹಾಕಿ. ಚಂದದ ರಟ್ಟಿನ ಪೆಟ್ಟಿಗೆ ಒಂದೇ ಸಾಲದು, ತೇವ ಅದನ್ನು ದಾಟುತ್ತದೆ. ಅಕ್ಟೋಬರಿನಲ್ಲಿ ಹೊರಗೆ ಇಡಲಾಗದು, ಹೀಗೆ ಮುಚ್ಚಿದ್ದನ್ನು ಫ್ರಿಜ್‌ನಲ್ಲಿಡಬಹುದು. ತೆಗೆದ ಮೇಲೆ ಬಿಚ್ಚದೆ ಎರಡು ಗಂಟೆ ಬಿಟ್ಟರೆ ನೀರು ಚೀಲದ ಹೊರಗೆ ಕೂರುತ್ತದೆ, ಬಾರ್ಕ್ ಒಣಗಿರುತ್ತದೆ. ಪುಣೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಮಾಡುವವರಿಗೆ ಎಸಿಯೂ ಬೇಡ, ಇಷ್ಟು ಕಟ್ಟುನಿಟ್ಟೂ ಬೇಡ. ಗೋವಾದವರು ಮುಂಬೈಯ ಲೆಕ್ಕವನ್ನೇ ಹಿಡಿಯಲಿ.

ಲೋಕಲ್ ರೈಲಿನಲ್ಲಿ ದಾದರ್‌ವರೆಗೆ ಒಯ್ಯುವುದಾದರೆ ಥರ್ಮಲ್ ಬ್ಯಾಗಿನಲ್ಲಿ ಐಸ್ ಪ್ಯಾಕನ್ನು ಟವೆಲ್‌ನಲ್ಲಿ ಸುತ್ತಿ ಡಬ್ಬಿಯ ಮೇಲಿಡಿ, ನೇರ ತಾಗಿಸಬೇಡಿ. ಡಬ್ಬಿಯ ಮೇಲೊಂದು ಚೀಟಿ ಅಂಟಿಸಿ: ಮಾಡಿದ ತಾರೀಕು, ಯಾವ ಯಾವ ಬೀಜ ಇವೆ ಎಂಬುದು, ಏಕೆಂದರೆ ಬೀಜದ ಅಲರ್ಜಿ ಇರುವವರಿಗೆ ಇದು ಪ್ರಾಣದ ಪ್ರಶ್ನೆ. ಜೊತೆಗೆ ‘ಫ್ರಿಜ್‌ನಿಂದ ತೆಗೆದು ಎರಡು ಗಂಟೆ ಬಿಟ್ಟು ಬಿಚ್ಚಿ’ ಎಂದೂ ಬರೆಯಿರಿ. ಬೀಜ ಮಾತ್ರ ಇರುವ ಬಾರ್ಕನ್ನು ಒಂದು ತಿಂಗಳೊಳಗೆ, ಹಣ್ಣಿನದನ್ನು ಎರಡು ವಾರದೊಳಗೆ ತಿಂದು ಮುಗಿಸಲು ಹೇಳಿ. ದೀಪಾವಳಿಗೆ ಮೂರು ದಿನ ಮೊದಲು ಕೊಬ್ಬರಿ-ಗೋಡಂಬಿಯದನ್ನು, ಹಿಂದಿನ ದಿನ ಹಣ್ಣಿನದನ್ನು ಮಾಡಿಕೊಂಡರೆ ಎರಡೂ ಗರಿಗರಿಯಾಗಿ ಕೈಸೇರುತ್ತವೆ.